ಕೋಟೆಗೋಡೆ, ಕಂದಕ, ಖಾಲಿ ಸೈಟು: ಚಳಿಗಾಲದ ವಿಜಯಪುರದಲ್ಲಿ ಅಪರೂಪದ ಹಕ್ಕಿಗಳು

(ವಿಜಯಪುರದ ಒಂದು ಬಡಾವಣೆಯ ನಿವಾಸಿಗಳು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ದಾಂಡೇಲಿಗೆ ಹೋದರೆ ಹಕ್ಕಿ ಸಿಗುತ್ತವೆ, ರಂಗನತಿಟ್ಟಿಗೆ ಹೋದರೆ ಸಿಗುತ್ತವೆ, ವಿಜಯಪುರದಲ್ಲಿ ಏನಿದೆ, ಬರೀ ಕಾಗೆ, ಪಾರಿವಾಳ, ಬಿಸಿಲು. ಹೀಗೆ ಅಂದುಕೊಂಡವರು ಈ ಸಭೆಯಲ್ಲೂ ಇದ್ದೀರಿ. ನಿಮ್ಮ ಆ ಅನಿಸಿಕೆಯನ್ನು ಬದಲಿಸಬೇಕು ಅಂತಲೇ ನಾನು ಇವತ್ತು ಬಂದಿದ್ದೇನೆ. ಚಳಿಗಾಲದಲ್ಲಿ ನಮ್ಮ ಊರಿಗೆ ಹಿಮಾಲಯದಿಂದ, ಟಿಬೆಟ್‌ನಿಂದ, ಕಝಾಕಿಸ್ತಾನದಿಂದ, ರಷ್ಯಾದಿಂದ ಹಕ್ಕಿಗಳು ಬರುತ್ತವೆ. ಕೆರೆಗೆ ಮಾತ್ರ ಅಲ್ಲ, ಓಣಿಗೇ ಬರುತ್ತವೆ. ನಿಮ್ಮ ಮನೆಯ ಹಿಂದಿನ ಖಾಲಿ ಸೈಟಿಗೆ ಬಂದು, ಅಲ್ಲೇ ನಾಲ್ಕೈದು ತಿಂಗಳು ಇದ್ದು, ಹೋಗುತ್ತವೆ. ನೋಡಿದವರು ಕಡಿಮೆ, ಅಷ್ಟೇ.

ಒಂದು ಹಕ್ಕಿ ಅಪರೂಪವೋ ಅಲ್ಲವೋ ಅನ್ನೋದನ್ನು ಬರೀ ಹಕ್ಕಿಯನ್ನು ನೋಡಿ ಹೇಳಲು ಬರುವುದಿಲ್ಲ. ಎಲ್ಲಿ ಕಂಡಿತು, ಯಾವ ತಿಂಗಳಲ್ಲಿ ಕಂಡಿತು ಅನ್ನೋದು ಮುಖ್ಯ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ದೊಡ್ಡ ದೊಡ್ಡ ಹಿಂಡಿನಲ್ಲಿ ಬಂದಿಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೂ, ಸೇರಿತು. ಅಲ್ಲಿ ಆ ಬಾತು ನೋಡಿದರೆ ಅದು ವಿಶೇಷ ಅಲ್ಲ. ಅದೇ ಬಾತು ನಸುಕಿನಲ್ಲಿ ನಿಮ್ಮ ಮಾಳಿಗೆಯ ಮೇಲೆ ಸಾಲಾಗಿ ಹಾರಿಹೋದರೆ ಅದನ್ನು ಬರೆದಿಡಬೇಕು. ಇನ್ನು ಕಣಜದ ಗೂಬೆಯ ವಿಷಯ. ಬಿಳಿ ಮುಖದ, ಹೃದಯದ ಆಕಾರದ ಮೋರೆಯ ಗೂಬೆ. ಎಲ್ಲೋ ಹಳೆ ಕಟ್ಟಡದಲ್ಲಿ ಒಂದು ಮರಿ ಸಿಕ್ಕರೆ 'ಅಪರೂಪದ ಪಕ್ಷಿ ಪತ್ತೆ' ಅಂತ ಸುದ್ದಿ ಹಬ್ಬುತ್ತದೆ. ಅದು ಅಪರೂಪದ ಹಕ್ಕಿಯೇ ಅಲ್ಲ. ನೂರಾರು ವರ್ಷಗಳಿಂದ ಮನುಷ್ಯರ ಪಕ್ಕದಲ್ಲೇ ಇದ್ದು, ಇಲಿ ತಿಂದು ಬದುಕಿರುವ ನೆರೆಮನೆಯವರು ಅವು.

ಹಾಗಾದರೆ ಅಪರೂಪದ್ದನ್ನು ಗುರುತಿಸೋದು ಹೇಗೆ? ಒಂದೇ ದಾರಿ. ದಿನಾ ಕಾಣುವುದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಮನೆಯಿಂದ ಅರ್ಧ ಕಿಲೋಮೀಟರಿನೊಳಗೆ ಒಂದು ಜಾಗ ಆರಿಸಿಕೊಳ್ಳಿ. ಒಂದು ಬೇವಿನ ಗಿಡ, ಒಂದು ಹಾಳುಗೋಡೆ, ಒಂದು ಮೋರಿ ಇದ್ದರೆ ಸಾಕು. ಚಳಿಗಾಲ ಪೂರ್ತಿ ಅದನ್ನೇ ನೋಡಿ. ಅಲ್ಲಿನ ಪಿಕಳಾರ, ಮಡಿವಾಳ, ಸೂರಕ್ಕಿ, ಕಾಜಾಣ ಇವುಗಳ ಕೂಗು, ಕೂರುವ ಟೊಂಗೆ, ಹಾರುವ ರೀತಿ ಎಲ್ಲ ನಿಮಗೆ ಪರಿಚಯ ಆಗುತ್ತದೆ. ಆಮೇಲೆ ಒಂದು ದಿನ ಹೊಸದೊಂದು ಬಂದು ಕೂತರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಊರೂರು ತಿರುಗುವವರಿಗೆ ಈ ಲಾಭ ಸಿಗುವುದಿಲ್ಲ.

ಬರುವ ಲೆಕ್ಕವನ್ನೂ ಸ್ವಲ್ಪ ತಿಳಿದಿರಬೇಕು. ಸೆಪ್ಟೆಂಬರ್‌ನಲ್ಲಿ ಇನ್ನೂ ಮಳೆ ಇರುವಾಗಲೇ ಬೂದು ಸಿಪಿಲೆ ಬಂದಿರುತ್ತದೆ. ಹರಿಯುವ ನೀರಿನ ಪಕ್ಕದಲ್ಲಿ ಬಾಲ ಮೇಲೆ ಕೆಳಗೆ ಕುಣಿಸುತ್ತ ಓಡಾಡುವ ತೆಳ್ಳನೆಯ ಹಕ್ಕಿ. ಹೊಟ್ಟೆಯ ಕೆಳಗೆ ಹಳದಿ. ಅಕ್ಟೋಬರ್‌ನಲ್ಲಿ ಉಳಿದವು ಒಂದೊಂದಾಗಿ ಬರುತ್ತವೆ. ಡಿಸೆಂಬರ್‌ಗೆ ಎಲ್ಲರೂ ಬಂದು ಸೇರಿರುತ್ತಾರೆ. ಮಾರ್ಚ್ ಮುಗಿಯುವ ಹೊತ್ತಿಗೆ, ನಮ್ಮ ಬಿಸಿಲು ಬಲಿಯುವ ಮೊದಲೇ, ಹೊರಡಲು ಶುರು.

ಚಳಿ ತಾಳಲಾರದೆ ಬರುತ್ತವೆ ಅಂತ ನಾವು ಹೇಳುತ್ತೇವೆ ಅಲ್ವಾ? ಅದು ಅರ್ಧ ನಿಜ. ಹೊಟ್ಟೆ ತುಂಬಿದ್ದರೆ ಹಕ್ಕಿ ಚಳಿ ತಾಳುತ್ತದೆ, ಪುಕ್ಕ ಇರುವುದು ಅದಕ್ಕೇ. ಅಲ್ಲಿ ಹಿಮ ಬಿದ್ದರೆ ಹುಳು ಸಿಗುವುದಿಲ್ಲ, ನೀರು ಹೆಪ್ಪುಗಟ್ಟುತ್ತದೆ, ಹಗಲು ಗಿಡ್ಡ ಆಗಿ ಮೇಯಲು ಹೊತ್ತೂ ಸಿಗುವುದಿಲ್ಲ. ಊಟ ಹುಡುಕಿಕೊಂಡು ಬರುತ್ತವೆ. ಮಧ್ಯ ಏಷ್ಯಾದ ಹಾರುದಾರಿ ಅಂತ ಇದಕ್ಕೆ ಹೆಸರು, ಸುಮಾರು 30 ದೇಶಗಳ ಮೇಲೆ ಹಾದು ಬರುವ ದಾರಿ. ಈ ದಾರಿಯಲ್ಲಿ ಓಡಾಡುವ ನೀರಹಕ್ಕಿಗಳೇ 182 ಜಾತಿ. ಅವುಗಳ ಜೊತೆಗೆ ನೆಲದ, ಪೊದೆಯ, ಗಿಡದ ಸಣ್ಣ ಹಕ್ಕಿಗಳು ಬೇರೆ. ಹತ್ತು ಹನ್ನೆರಡು ಗ್ರಾಂ ತೂಕದ ಜೀವ, ಬಹುಪಾಲು ರಾತ್ರಿ ಹೊತ್ತಿನಲ್ಲಿ ಹಾರಿ, ಹಗಲು ಎಲ್ಲೋ ಇಳಿದು ತಿಂದು, ಮತ್ತೆ ಹಾರಿ ಇಲ್ಲಿಗೆ ಬರುತ್ತದೆ. ಕಾಲಿಗೆ ಉಂಗುರ ಹಾಕಿ ನೋಡಿದವರು ಇನ್ನೊಂದು ಸಂಗತಿ ಕಂಡುಕೊಂಡಿದ್ದಾರೆ. ಕೆಲವು ಹಕ್ಕಿಗಳು ಪ್ರತಿ ವರ್ಷ ಅದೇ ಜಾಗಕ್ಕೆ ಮರಳಿ ಬರುತ್ತವೆ. ಅದೇ ಊರು ಅಷ್ಟೇ ಅಲ್ಲ, ಅದೇ ಹಿತ್ತಲು. ಹಿತ್ತಲು ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು, ಯೋಚನೆ ಮಾಡಿ.

ಈಗ ನಮ್ಮ ಊರಿನ ದೊಡ್ಡ ಆಸ್ತಿಗೆ ಬರುತ್ತೇನೆ. ಕಲ್ಲು. ಊರ ಸುತ್ತ ಸುಮಾರು 10 ಕಿಲೋಮೀಟರ್ ಕೋಟೆಗೋಡೆ, ಅದರ ಬುರುಜುಗಳು, 1584ರ ಉಪ್ಪಲಿ ಬುರುಜು, 1656ರ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ಓಣಿ ಓಣಿಯಲ್ಲಿ ಬಿದ್ದಿರುವ ಮಸೀದಿ, ಗೋರಿ, ಬಾವಡಿ. ನಮಗೆ ಇದು ಇತಿಹಾಸ. ಹಿಮಾಲಯದ ಬಂಡೆಯಿಂದ ಬಂದ ಹಕ್ಕಿಗೆ ಇದೂ ಬಂಡೆಯೇ. ಬಿರುಕಿದೆ, ಚಾಚಿದ ಅಂಚಿದೆ, ಬಿಸಿಲು ಕಾಯಿಸಲು ತುದಿ ಇದೆ, ಗೋಡೆಯ ಬುಡದಲ್ಲಿ ಹುಳು ಇವೆ.

ನೀಲಿ ಬಂಡೆಸಿಳ್ಳಾರ ಅನ್ನೋ ಹಕ್ಕಿಯನ್ನು ಹುಡುಕಬೇಕಾದದ್ದು ಇಲ್ಲೇ. ಗಾತ್ರದಲ್ಲಿ ಪಿಕಳಾರಕ್ಕಿಂತ ಸ್ವಲ್ಪ ದೊಡ್ಡದು. ಗಂಡು ದೂರಕ್ಕೆ ಕಪ್ಪಾಗಿ ಕಾಣುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೋಡಿ, ಮೈಯೆಲ್ಲ ಪಾಟಿಯ ಕಲ್ಲಿನ ನೀಲಿ. ಹೆಣ್ಣು ಕಂದು, ಎದೆ ಹೊಟ್ಟೆಯ ಮೇಲೆ ಮೀನಿನ ಚಿಪ್ಪಿನಂಥ ಗೀರು. ಒಂಟಿಯಾಗಿ ಇರುತ್ತದೆ. ಗೋಡೆಯ ತೀರಾ ತುದಿಯ ಕಲ್ಲಿನ ಮೇಲೆ ನೆಟ್ಟಗೆ ಕೂತು, ಆಗಾಗ ಒಮ್ಮೆ ಬಗ್ಗಿ ನಮಸ್ಕಾರ ಮಾಡಿದಂತೆ ತಲೆ ತಗ್ಗಿಸುತ್ತದೆ. ಕೆಳಗೆ ಹುಳು ಕಂಡರೆ ಇಳಿದು ಹಿಡಿದು ಮತ್ತೆ ಅದೇ ಕಲ್ಲಿಗೆ. ಹಾಗಾಗಿ ಒಮ್ಮೆ ಅದರ ಕಲ್ಲು ಯಾವುದು ಅಂತ ತಿಳಿದರೆ ಫೆಬ್ರವರಿವರೆಗೂ ಅಲ್ಲೇ ನೋಡಬಹುದು.

ಅದೇ ಗೋಡೆಯ ಬುಡದಲ್ಲಿ ಬ್ಲ್ಯಾಕ್ ರೆಡ್‌ಸ್ಟಾರ್ಟ್. ಗುಬ್ಬಿಯ ಗಾತ್ರ. ಗಂಡಿಗೆ ತಲೆ, ಎದೆ ಕಪ್ಪು, ಹೊಟ್ಟೆ ಇಟ್ಟಿಗೆ ಕೆಂಪು. ಗಂಡನ್ನು ಯಾರೂ ತಪ್ಪು ಹೇಳಲಾರರು, ತೊಂದರೆ ಇರೋದು ಹೆಣ್ಣಿನದು. ಬರೀ ಕಂದು ಹಕ್ಕಿ. ನಮ್ಮಲ್ಲಿ ವರ್ಷವಿಡೀ ಇರುವ ಇಂಡಿಯನ್ ರಾಬಿನ್ ಹೆಣ್ಣೂ ಕಂದೇ. ಹೊಸಬರು ಎರಡನ್ನೂ ಒಂದೇ ಅಂದುಕೊಂಡು ಬಿಡುತ್ತಾರೆ. ಬಾಲ ನೋಡಿ. ರಾಬಿನ್‌ನ ಬಾಲ ಗಾಢ ಬಣ್ಣದ್ದು, ಅದನ್ನು ಬೆನ್ನಿನ ಮೇಲೆ ಎತ್ತಿ ಹಿಡಿಯುತ್ತದೆ. ಅದರ ಕೆಂಪು ಇರೋದು ಬಾಲದ ಬುಡದ ಕೆಳಗೆ ಮಾತ್ರ. ರೆಡ್‌ಸ್ಟಾರ್ಟ್‌ನ ಬಾಲವೇ ಕೆಂಪು, ಕೂತ ಕೂಡಲೇ ಅದು ಚಳಿ ಹಿಡಿದಂತೆ ಗಡಗಡ ನಡುಗುತ್ತದೆ. ಈ ನಡುಕ ಒಮ್ಮೆ ನೋಡಿದರೆ ಮತ್ತೆ ಪುಸ್ತಕ ಬೇಕಾಗುವುದಿಲ್ಲ.

ಗುಮ್ಮಟದ ಹತ್ತಿರ ಪಾರಿವಾಳದ ಹಿಂಡು ಒಮ್ಮೆಲೇ ದಿಕ್ಕಾಪಾಲಾಗಿ ಎದ್ದರೆ ಪಾರಿವಾಳ ನೋಡಬೇಡಿ, ಅವುಗಳ ಮೇಲಿನ ಆಕಾಶ ನೋಡಿ. ಪೆರಿಗ್ರಿನ್ ಚಾಣ ಎತ್ತರದ ಕಟ್ಟಡಗಳನ್ನು ಇಷ್ಟಪಡುವ ಹಕ್ಕಿ. ಮೇಲಿನಿಂದ ಬೇಟೆಯ ಮೇಲೆ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಊರಿನ ಮೇಲೆ ಅದನ್ನು ಕಾಣುವುದು ನಿಜಕ್ಕೂ ಅಪರೂಪ. ಆದರೆ ಮೇಲೆ ನೋಡದವರಿಗೆ ಯಾವತ್ತೂ ಕಾಣುವುದಿಲ್ಲ.

ಕೆರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಭೂತನಾಳ ಕೆರೆ, ಬೇಗಂ ತಲಾಬ್ ನಿಮಗೆಲ್ಲ ಗೊತ್ತು. ಬಾತುಗಳಿಗೆ ಅಲ್ಲಿ ಹೋಗಿ. ಆಲಮಟ್ಟಿ ಹಿನ್ನೀರು ಇಳಿದಾಗ ಬಾಗಲಕೋಟೆ ಕಡೆ ರಾಜಹಂಸಗಳು ಬರುವುದೂ ಗೊತ್ತು. ಅವೆಲ್ಲ ದೊಡ್ಡ ಹಕ್ಕಿಗಳು, ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನನಗೆ ಹೇಳಬೇಕಾಗಿರುವುದು ಯಾರೂ ನೋಡದ ಜಾಗಗಳ ಬಗ್ಗೆ.

ಖಾಲಿ ಸೈಟು ಅಂದೆ. ಕಂಪೌಂಡ್ ಕಟ್ಟಿ ಹತ್ತು ವರ್ಷ ಬಿಟ್ಟಿರುತ್ತಾರೆ. ಒಳಗೆ ಜಾಲಿ ಬೆಳೆದಿದೆ, ಎಕ್ಕೆ ಬೆಳೆದಿದೆ, ಒಣಹುಲ್ಲು, ಅರ್ಧ ಕಟ್ಟಿದ ಪಾಯ, ಕಲ್ಲುಕುಪ್ಪೆ. ಓಣಿಯವರಿಗೆಲ್ಲ ಅದು ಹೊಲಸು. ಕಳೆದ ಚಳಿಗಾಲ ಅಂಥ ಒಂದು ಸೈಟಿನ ಗೋಡೆಯ ಮೇಲಿಂದ ನಾನು ಒಂದು ಹಕ್ಕಿಯನ್ನು ಬಹಳ ಹೊತ್ತು ನೋಡಿದೆ. ಮೊದಲು ಅದು ಹಕ್ಕಿ ಅಂತಲೇ ಅನಿಸಲಿಲ್ಲ, ಒಣಗಿದ ತೊಗಟೆಯ ತುಂಡು ಅಂತ ಕಂಡಿತು. ತೊಗಟೆ ಜರುಗಿತು. ದುರ್ಬೀನು ಎತ್ತಿದೆ. ಕತ್ತಿನಿಂದ ಬೆನ್ನಿನವರೆಗೆ ಒಂದು ಕಪ್ಪು ಗೆರೆ, ಉಳಿದ ಮೈಯೆಲ್ಲ ಬೂದು, ಕಂದು, ಬಿಳಿ ಸೇರಿದ ಸಣ್ಣ ಸಣ್ಣ ಚುಕ್ಕೆ ಗೀರುಗಳು. ಗೋಡೆಯ ಬುಡದ ಇರುವೆ ಸಾಲಿನ ಪಕ್ಕ ಕೂತು, ಉದ್ದನೆಯ ನಾಲಿಗೆ ಹೊರಗೆ ಹಾಕಿ, ಒಳಗೆ ಎಳೆದುಕೊಂಡು, ಇರುವೆ ತಿನ್ನುತ್ತಿತ್ತು. ಅಂಟುನಾಲಿಗೆ. ಎಷ್ಟು ಬೇಗ ಅಂದರೆ ನಾಲಿಗೆ ಕಾಣೋದೇ ಕಷ್ಟ, ಇರುವೆ ಕಡಿಮೆಯಾಗುವುದು ಮಾತ್ರ ಕಾಣುತ್ತದೆ.

ಅದು ಕತ್ತುತಿರುಕ. ರೈನೆಕ್ ಅಂತಲೂ ಹೇಳುತ್ತಾರೆ. ಮರಕುಟಿಗನ ಜಾತಿಯದೇ, ಕಾಲಿನಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಆದರೆ ಮರ ಕುಟ್ಟುವುದಿಲ್ಲ, ನೆಲಕ್ಕಿಳಿದು ಇರುವೆ ತಿನ್ನುತ್ತದೆ. ಯಾರಾದರೂ ಹಿಡಿದರೆ, ಗೂಡಿನ ಹತ್ತಿರ ಹೋದರೆ, ಕತ್ತನ್ನು ಹಾವಿನಂತೆ ತಿರುಚಿ ಬುಸುಗುಡುತ್ತದೆ. ಯುರೋಪಿನಿಂದ ಏಷ್ಯಾದ ಉತ್ತರ ಭಾಗದವರೆಗೆ ಮರಿ ಮಾಡುವ ಹಕ್ಕಿ, ಚಳಿಗಾಲಕ್ಕೆ ನಮ್ಮ ಒಣಭೂಮಿಗೆ ಬರುತ್ತದೆ. ನಾನು ಗೋಡೆಗೆ ಒರಗಿ ನಿಂತಿದ್ದು ನೋಡಿ ಒಬ್ಬ ಅಜ್ಜ ಬಂದರು. "ಏನ್ ಹುಡುಕಾಕತ್ತೀರಿ ಸರ್? ಸೈಟ್ ತಗೊಳ್ಳೋರೇನು?" ಅಂದರು. ದುರ್ಬೀನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. "ಯಪ್ಪಾ, ಇದೆಲ್ಲಿಂದ ಬಂತ್ರಿ ಇಲ್ಲಿ, ನಾ ಒಂದಿನಾನೂ ನೋಡಿಲ್ಲಲ್ಲ" ಅಂದರು. ಮರುದಿನ ನಾನು ಹೋಗುವಷ್ಟರಲ್ಲಿ ಅವರೇ ಗೋಡೆಯ ಹತ್ತಿರ ನಿಂತಿದ್ದರು.

ಜಾಲಿಗಿಡ ಇದ್ದ ಕಡೆ ಇನ್ನೊಂದು ಸಣ್ಣ ಹಕ್ಕಿ ಇರುತ್ತದೆ, ಲೆಸ್ಸರ್ ವೈಟ್‌ಥ್ರೋಟ್. ಬೂದು ತಲೆ, ಬಿಳಿ ಕೊರಳು. ಮುಳ್ಳಿನ ಒಳಗಿಂದ "ಟೆಕ್ ಟೆಕ್" ಅಂತ ಕೂಗುತ್ತ ಇರುತ್ತದೆ, ಹೊರಗೆ ಬರುವುದು ಕಡಿಮೆ. ಇದು ನಮ್ಮ ಕಡೆ ಅಪರೂಪ ಏನಲ್ಲ. ಆದರೂ ಕೇಳುವ ಕಿವಿ ಕಡಿಮೆ ಇರುವುದರಿಂದ ಅಪರೂಪ ಅನಿಸಿಕೊಂಡಿದೆ.

ಕಂದಕ ಮತ್ತು ಮೋರಿಗಳ ಬಗ್ಗೆ ಹೇಳುತ್ತೇನೆ, ಮೂಗು ಮುಚ್ಚಬೇಡಿ. ಊರಿನ ನೀರು ಹರಿದು ನಿಂತಿರುವಲ್ಲಿ ಆಪು, ಜೊಂಡು ಬೆಳೆದಿರುತ್ತದೆ. ಬುಡದಲ್ಲಿ ಕೆಸರು. ಕೆಸರಿನಲ್ಲಿ ಹುಳು. ಜೊಂಡು ಮುಗಿದು ಕೆಸರು ಶುರುವಾಗುವ ಅಂಚಿನಲ್ಲಿ ಕಣ್ಣಿಡಿ, ನಡುವೆ ಬೇಡ. ಬ್ಲೂಥ್ರೋಟ್ ಅನ್ನೋ ನೀಲಿಕೊರಳಿನ ಹಕ್ಕಿ ಆ ಅಂಚಿನಲ್ಲೇ ಇಲಿಯಂತೆ ಸರಸರ ಓಡಿ, ನಿಂತು, ಬಾಲ ಎತ್ತಿ, ಮತ್ತೆ ಒಳಗೆ ಹೋಗುತ್ತದೆ. ಹುಬ್ಬಿನ ಮೇಲೆ ಬಿಳಿ ಗೆರೆ. ಹಾರಿದಾಗ ಬಾಲದ ಬುಡ ಎರಡೂ ಕಡೆ ಕೆಂಪು. ಅದು ನಿಮ್ಮ ಕಡೆ ತಿರುಗಿದರೆ, ಅದೂ ಗಂಡಾಗಿದ್ದರೆ, ಕೊರಳಲ್ಲಿ ನೀಲಿ, ನೀಲಿಯ ನಡುವೆ ಕೆಂಪು ಬೊಟ್ಟು. ಮೋರಿಯ ದಂಡೆಯ ಮೇಲೆ ಇಂಥ ಬಣ್ಣ ನೋಡಿದ ಹುಡುಗರು ಯಾರೂ ಆ ದಿನವನ್ನು ಮರೆತಿಲ್ಲ. ಅಲ್ಲಿ ಸುಮ್ನೆ ನಿಲ್ಲಬೇಕು. ಅಂಚಿನಲ್ಲಿ ನಡೆದರೆ ಹಕ್ಕಿ ಒಳಗೆ ಸೇರುತ್ತದೆ, ನಿಂತರೆ ಅದೇ ಹೊರಗೆ ಬರುತ್ತದೆ.

ಬೇವು, ಆಲ, ಹುಣಸೆ ಗಿಡಗಳಲ್ಲಿ ನೊಣಹಿಡುಕಗಳು. ಕೆಂಪು ಕೊರಳಿನ ಪುಟ್ಟದು ಒಂದಿದೆ, ರೆಡ್-ಬ್ರೆಸ್ಟೆಡ್ ಫ್ಲೈಕ್ಯಾಚರ್. ಬಾಲ ಮೇಲೆತ್ತಿದಾಗ ಬಾಲದ ಬುಡದ ಎರಡೂ ಕಡೆ ಬಿಳಿ ಪಟ್ಟಿ ಕಾಣುತ್ತದೆ. ಒಂದು ಎಚ್ಚರಿಕೆ ಇದೆ. ಇದರ ಹತ್ತಿರದ ನೆಂಟ, ಟೈಗಾ ಫ್ಲೈಕ್ಯಾಚರ್, ನಮ್ಮ ಭಾಗದಲ್ಲಿ ಬಹಳ ಕಡಿಮೆ. ಮೇಲ್ನೋಟಕ್ಕೆ ಎರಡೂ ಒಂದೇ. ಕೊಕ್ಕಿನ ಕೆಳಭಾಗ ತಿಳಿಯಾಗಿದೆಯೋ ಪೂರ್ತಿ ಕಪ್ಪೋ, ಬಾಲದ ಬುಡದ ಮೇಲಿನ ಪುಕ್ಕ ಬಾಲಕ್ಕಿಂತ ಕಪ್ಪಗಿದೆಯೋ ನೋಡಿದ ಮೇಲೆಯೇ ಹೆಸರು ಹೇಳಬೇಕು. ಕಪ್ಪು ಕೊಕ್ಕು, ಕಡುಗಪ್ಪು ಪುಕ್ಕ ಇದ್ದರೆ ಟೈಗಾ. ಅಷ್ಟು ಕಾಣದಿದ್ದರೆ 'ನೊಣಹಿಡುಕ' ಅಂತ ಬರೆದು ಬಿಡಿ. ಹೆಸರು ಪೂರ್ತಿ ಗೊತ್ತಾಗದೆ ಬಿಟ್ಟ ದಾಖಲೆಯೂ ಒಳ್ಳೆಯ ದಾಖಲೆಯೇ.

ಚಳಿಗಾಲ ಶುರುವಾಗುವ ಮುಂಚೆ, ಅಕ್ಟೋಬರ್ ಹೊತ್ತಿಗೆ, ಒಂದು ಅತಿಥಿ ಹಿತ್ತಲಲ್ಲಿ ಬಂದು ಬೀಳಬಹುದು. ನಮ್ಮ ಓಣಿಯ ಒಬ್ಬ ಅಕ್ಕ ನನಗೆ ಬೆಳಗಾಗುವ ಮುಂಚೆ ಫೋನ್ ಮಾಡಿದ್ದರು. "ಸರ್, ನಮ್ಮ ಹಿತ್ತಲದಾಗ ಬಣ್ಣಬಣ್ಣದ ಪಕ್ಷಿ ಕುಂತೈತ್ರಿ, ಹಾರವಲ್ದು." ಹೋಗಿ ನೋಡಿದರೆ ನವರಂಗ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಹೊಟ್ಟೆಯ ಕೆಳಗೆ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ, ಗಿಡ್ಡ ಬಾಲ. ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡಿನಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣದ ತುದಿಗೆ, ಶ್ರೀಲಂಕಾಕ್ಕೆ ಹೋಗುವ ಹಕ್ಕಿ. ರಾತ್ರಿ ಹಾರುವಾಗ ಊರಿನ ದೀಪಗಳಿಗೆ ದಾರಿ ತಪ್ಪುತ್ತದೆ, ಗೋಡೆಗೆ, ಗಾಜಿಗೆ ಬಡಿದು ಬೀಳುತ್ತದೆ. ಅಕ್ಕ ಅದರ ಮೇಲೆ ಒಂದು ಬುಟ್ಟಿ ಕವುಚಿ, ಬೆಕ್ಕು ಬರದಂತೆ ಪಕ್ಕದಲ್ಲೇ ಕೂತಿದ್ದರು. ಇಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ. ಹೀಗೆ ಸಿಕ್ಕರೆ ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಗದ್ದಲ ಇಲ್ಲದ ಕಡೆ ಇಡಿ. ಬಾಯಿಗೆ ನೀರು ಹನಿಸಬೇಡಿ, ಅನ್ನ ತುರುಕಬೇಡಿ. ಚೇತರಿಸಿಕೊಂಡು ಡಬ್ಬಿಯಲ್ಲಿ ಓಡಾಡತೊಡಗಿದರೆ ಗಿಡಗಂಟಿ ಇರುವ ಕಡೆ ಬಿಟ್ಟುಬಿಡಿ. ಗಾಯ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಸಾಕಿಕೊಳ್ಳುವ ಆಸೆ ಬೇಡ, 1972ರ ವನ್ಯಜೀವಿ ಕಾಯ್ದೆ ಅದನ್ನು ಒಪ್ಪುವುದಿಲ್ಲ. ಅಕ್ಕನ ನವರಂಗ ಅವತ್ತು ಸಂಜೆ ಹುಣಸೆ ಗಿಡದ ಕೆಳಗೆ ಇಳಿದು, ಒಣ ಎಲೆ ಕೆದರಿ, ಮೇಯಲು ಶುರು ಮಾಡಿತು. ಮರುದಿನ ಇರಲಿಲ್ಲ, ತನ್ನ ದಾರಿ ಹಿಡಿದಿತ್ತು.

ಇನ್ನು ಊರಂಚಿನ ಹೊಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ನೀವೆಲ್ಲ ಹೊಲಕ್ಕೆ ಹೋಗೇ ಹೋಗುತ್ತೀರಿ. ಸಜ್ಜೆ ಕಡಬು, ಭಜ್ಜಿ ಪಲ್ಯ ಎಲ್ಲ ಆದ ಮೇಲೆ ಅರ್ಧ ತಾಸು ಬದುವಿನ ಮೇಲೆ ಕೂತು ಬಿಳಿಜೋಳದ ಮೇಲೆ ಕಣ್ಣಾಡಿಸಿ. ಉದ್ದ ರೆಕ್ಕೆಯ ಒಂದು ಹದ್ದಿನಂಥ ಹಕ್ಕಿ ತೆನೆಗೆ ತಾಗುವಷ್ಟು ಕೆಳಗೆ, ಆಚೆ ಈಚೆ ತೂಗುತ್ತ ಹಾರುತ್ತಿದ್ದರೆ ಅದು ಹ್ಯಾರಿಯರ್, ಕನ್ನಡದಲ್ಲಿ ಸೆಳೆವ. ಕಝಾಕಿಸ್ತಾನದ ಹುಲ್ಲುಗಾವಲಿನಿಂದ ಬಂದು ನಮ್ಮ ಹೊಲದ ಮಿಡತೆ, ಇಲಿ ತಿನ್ನುತ್ತದೆ. ರಾತ್ರಿ ಮಲಗೋದು ನೆಲದ ಮೇಲೆ, ಹುಲ್ಲಿನಲ್ಲಿ. ಹುಲ್ಲುಗಾವಲು ಲೇಔಟ್ ಆದರೆ ಅದಕ್ಕೆ ಮಲಗಲು ಜಾಗ ಇಲ್ಲ.

ಗುಲಾಬಿ ಕಬ್ಬಕ್ಕಿ ಹಿಂಡು ಬಂದರೆ ರೈತರಿಗೆ ಸಿಟ್ಟು ಬರುತ್ತದೆ. ಸರಿಯಾದ ಸಿಟ್ಟೇ, ಹಾಲುಗಾಳು ಕಟ್ಟಿದ ತೆನೆಯ ಮೇಲೆ ಬೀಳುತ್ತವೆ. ಕವಣೆ ಬೀಸಿ ಓಡಿಸಬೇಕಾಗುತ್ತದೆ. ಆದರೆ ಅದೇ ಹಿಂಡು ಮಿಡತೆ, ಕಂಬಳಿಹುಳು ತಿನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಹಿಂಡಿನ ಜೊತೆ, ಕೊಯ್ಲಾದ ಹೊಲದಲ್ಲಿ, ಕರಿತಲೆಯ ಬಂಟಿಂಗ್ ಇರಬಹುದು. ಗಂಡಿನ ಹೊಟ್ಟೆ ಅಪ್ಪಟ ಹಳದಿ. ಯುರೋಪಿನ ಆಗ್ನೇಯ ಭಾಗದಿಂದ ಇರಾನಿನವರೆಗೆ ಮರಿ ಮಾಡುವ ಈ ಹಕ್ಕಿ ಚಳಿಗಾಲ ಕಳೆಯಲು ಭಾರತಕ್ಕೇ ಬರುತ್ತದೆ. ಅದರ ಅರ್ಧ ವರ್ಷದ ಬದುಕು ನಮ್ಮಂಥ ಹೊಲಗಳ ಮೇಲೆ ನಿಂತಿದೆ.

ಕಂಡದ್ದನ್ನು ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. ತಾರೀಖು, ವೇಳೆ, ಜಾಗ, ಎಷ್ಟು ಇದ್ದವು, ಏನು ಮಾಡುತ್ತಿದ್ದವು. ಮೊಬೈಲಿನಲ್ಲಿ ಕೆಟ್ಟ ಫೋಟೋ ಆದರೂ ಪರವಾಗಿಲ್ಲ, ಒಂದು ಇರಲಿ. ಇಬರ್ಡ್ ಆ್ಯಪಿಗೆ ಹಾಕಿದರೆ ಅದು ಎಲ್ಲರಿಗೂ ಸೇರಿದ ದಾಖಲೆ ಆಗುತ್ತದೆ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಒಳ್ಳೆಯದೇ. ಆದರೆ ಅದು ಹೇಳಿತು ಅಂತ ಅಪರೂಪದ ಹಕ್ಕಿಯ ಹೆಸರು ಬರೆಯಬೇಡಿ, ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಬೆಂಗಳೂರು, ಮೈಸೂರಿನ ಹಕ್ಕಿಗಳ ದಾಖಲೆ ರಾಶಿ ರಾಶಿ ಇದೆ, ಅಲ್ಲಿ ನೋಡುವವರು ಜಾಸ್ತಿ. ನಮ್ಮ ಕಡೆಯ ಒಂದು ಓಣಿಯ ಒಂದು ಚಳಿಗಾಲದ ಪಟ್ಟಿಗೆ ಅದಕ್ಕೇ ಬೆಲೆ ಹೆಚ್ಚು.

ದುರ್ಬೀನು ಕೊಳ್ಳುವವರು 8×42 ಅಂತ ಕೇಳಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್, ನಸುಕಿನಲ್ಲೂ ಬೆಳಕು ಸಾಕಾಗುತ್ತದೆ. ಕೊಳ್ಳಲು ಆಗದಿದ್ದರೆ ಬೇಡ, ಕಣ್ಣೇ ಸಾಕು.

ಅಪರೂಪದ ಹಕ್ಕಿ ಸಿಕ್ಕಾಗ ಅದರ ಸುತ್ತ ಜನ ಸೇರುವುದು, ಫೋಟೋಗಾಗಿ ಮೊಬೈಲಿನಲ್ಲಿ ಅದರದೇ ಕೂಗು ಹಾಕಿ ಕರೆಯುವುದು, ಜೊಂಡಿಗೆ ಕಲ್ಲು ಎಸೆಯುವುದು ನಡೆಯುತ್ತಿದೆ. ದಯವಿಟ್ಟು ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಜೀವಕ್ಕೆ ಈ ನಾಲ್ಕು ತಿಂಗಳು ಮೈ ತುಂಬಿಕೊಳ್ಳಬೇಕು, ಮಾರ್ಚ್‌ನಲ್ಲಿ ಮತ್ತೆ ಅಷ್ಟೇ ದೂರ ಹಾರಬೇಕು.

ಖಾಲಿ ಸೈಟಿನ ಮಾಲೀಕರು ಇಲ್ಲಿ ಇಬ್ಬರು ಮೂವರಾದರೂ ಇದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮನೆ ಕಟ್ಟುವ ದಿನ ಕಟ್ಟಿ. ಅಲ್ಲಿಯವರೆಗೆ ಚಳಿಗಾಲದಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಬೇಡಿ, ಜೆಸಿಬಿ ಹೊಡೆಸಬೇಡಿ, ಪ್ಲಾಸ್ಟಿಕ್ ಕಸ ಮಾತ್ರ ತೆಗೆಸಿ. ಹಾವಿನ ಭಯ ಇದ್ದರೆ ರಸ್ತೆಯ ಕಡೆಯ ನಾಲ್ಕು ಅಡಿ ಸವರಿ, ಹಿಂದಿನದು ಏಪ್ರಿಲ್‌ವರೆಗೆ ಇರಲಿ. ಮತ್ತೆ ವಿದ್ಯಾರ್ಥಿಗಳಿಗೆ: ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ತುಂಬ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಒಂದು ಕಡೆ ಕನಿಷ್ಠ ಹದಿನೈದು ನಿಮಿಷ ನಿಂತು ಕಂಡದ್ದೆಲ್ಲ ಎಣಿಸಿದರೆ ಆಯಿತು. ಈ ಸಲ ನಮ್ಮ ಬಡಾವಣೆಯ ಪ್ರತಿ ಓಣಿಯಿಂದ ಒಂದು ಪಟ್ಟಿ ಹೋಗಬೇಕು ಅಂತ ನನ್ನ ಆಸೆ. ಅದಕ್ಕೆ ತಯಾರಿ ಆಗಲಿ ಅಂತ ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಕೋಟೆಗೋಡೆಯ ಹತ್ತಿರ ಸೇರೋಣ. ಥಂಡಿ ಜೋರಿದೆ, ಸ್ವೆಟರ್ ಹಾಕಿಕೊಂಡು ಬನ್ನಿ, ಕಡುಕೆಂಪು ಅಥವಾ ಬಿಳಿ ಬಟ್ಟೆ ಬೇಡ, ಒಂದು ನೋಟ್‌ಬುಕ್ ಇರಲಿ. ಬಂಡೆಸಿಳ್ಳಾರದ ಕಲ್ಲಿನಿಂದ ಶುರು ಮಾಡೋಣ.